ಕೊಲೆಗಾರ ಹೇಳಿದ, ನಾನು ಮ್ಯಾಪ್ ಹಾಕಿಸಿದೆ

ನಮ್ಮ ಕ್ರೈಮ್ ಡಾಕ್ಯುಮೆಂಟರಿಯ ಒಂದು ಎಪಿಸೋಡ್, ಪಿಕ್ಚರ್ ಲಾಕ್ ಆಗಿ, ಅಂದರೆ ದೃಶ್ಯಗಳ ಜೋಡಣೆ ಅಂತಿಮವಾಗಿ, ಎರಡು ದಿನವಾಗಿತ್ತು. ವಿಒ (ಹಿನ್ನೆಲೆ ನಿರೂಪಣೆ) ಮುಗಿದಿತ್ತು, ಸೌಂಡ್ ಮಿಕ್ಸ್ ಮುಗಿದಿತ್ತು. ರಾತ್ರಿ ಹನ್ನೊಂದಕ್ಕೆ ಫೈಲ್ ಕ್ಯೂಸಿಗೆ (ಗುಣಮಟ್ಟದ ತಪಾಸಣೆಗೆ) ಹೋಗಬೇಕು. ಒಂಬತ್ತೂವರೆಗೆ ನಮ್ಮ ರಿಸರ್ಚರ್ ಎಡಿಟ್ ಸೂಟಿನ ಬಾಗಿಲು ತಳ್ಳಿಕೊಂಡು ಬಂದಳು. "ಸರ್, ಆ ಮ್ಯಾಪ್ ಇನ್ನೂ ಇದೆಯಾ?"

ಇತ್ತು. ಕೋಲ್ಡ್ ಓಪನ್‌ನಲ್ಲೇ, ಟೈಟಲ್‌ಗೂ ಮುಂಚಿನ ಆರಂಭದ ತುಣುಕಿನಲ್ಲೇ ಇತ್ತು. ನಾನೇ ಹಾಕಿಸಿದ್ದು.

ಎಪಿಸೋಡ್ ಹೆನ್ರಿ ಲೀ ಲ್ಯೂಕಸ್‌ನದು. 1983ರಲ್ಲಿ ಟೆಕ್ಸಾಸ್‌ನಲ್ಲಿ ಸಿಕ್ಕಿಬಿದ್ದವನು ಒಂದಾದ ಮೇಲೊಂದು ಕೊಲೆ ಒಪ್ಪಿಕೊಳ್ಳುತ್ತಾ ಹೋದ. ಲೆಕ್ಕ 600ರ ಹತ್ತಿರ ಹೋಯಿತು. ಅದರಲ್ಲಿ ಬಹುಪಾಲು ಸುಳ್ಳು ಅನ್ನೋದು ನಮಗೇನು ಗೊತ್ತಿಲ್ಲದ್ದಲ್ಲ. ಎಪಿಸೋಡಿನ ಕೊನೆಯ ಭಾಗ ಪೂರ್ತಿ ಅದೇ. ಆದರೆ ಮೊದಲ ಎರಡು ನಿಮಿಷದಲ್ಲಿ ನೋಡುವವರು ಬೆಚ್ಚಬೇಕಲ್ವಾ? ಅದಕ್ಕೇ ಅವನ ಬೈಟ್ (ಅವನೇ ಮಾತಾಡಿದ ತುಣುಕು), ಅದರ ಹಿಂದೆಯೇ ಕಪ್ಪು ಮ್ಯಾಪ್, ಊರಿಂದೂರಿಗೆ ಓಡುವ ಕೆಂಪು ಗೆರೆ, ಊರಿಗೊಂದು ಚುಕ್ಕೆ. ಆಮೇಲೆ ಸುಳ್ಳು ಅಂತ ಹೇಳ್ತೀವಲ್ಲ ಅನ್ನೋದು ನನ್ನ ವಾದ.

ಒಂದು ಚುಕ್ಕೆ ಮಾತ್ರ ಗಟ್ಟಿ ಅಂದುಕೊಂಡಿದ್ದೆ. 1979ರ ಅಕ್ಟೋಬರ್ 31ರಂದು ಟೆಕ್ಸಾಸ್‌ನ ಜಾರ್ಜ್‌ಟೌನ್ ಹತ್ತಿರ, ಹೆದ್ದಾರಿ ಪಕ್ಕ ಒಬ್ಬ ಹೆಂಗಸಿನ ಶವ ಸಿಕ್ಕಿತ್ತು. ಯಾರೆಂದು ಗೊತ್ತಾಗಲಿಲ್ಲ. ಕಾಲಲ್ಲಿದ್ದ ಕಿತ್ತಳೆ ಬಣ್ಣದ ಕಾಲುಚೀಲವೇ ಹೆಸರಾಯಿತು, ಆರೆಂಜ್ ಸಾಕ್ಸ್. ಈ ಕೇಸಿನಲ್ಲೇ ಲ್ಯೂಕಸ್‌ಗೆ 1984ರಲ್ಲಿ ಮರಣದಂಡನೆಯ ತೀರ್ಪು ಆಗಿದ್ದು. ಕೋರ್ಟೇ ಹೇಳಿದ ಮೇಲೆ ನಂದೇನು ತಕರಾರು? ಆ ಚುಕ್ಕೆಯನ್ನು ಉಳಿದವಕ್ಕಿಂತ ದೊಡ್ಡದು ಮಾಡಿಸಿದೆ. ಗೆರೆ ಅಲ್ಲಿಗೆ ಬಂದು ಒಂದು ಕ್ಷಣ ನಿಂತು ಮಿನುಗಬೇಕು ಅಂತ ಗ್ರಾಫಿಕ್ಸಿನವನ ಪಕ್ಕ ಕೂತು ಹೇಳಿದ್ದೆ.

ರಿಸರ್ಚರ್ ಲ್ಯಾಪ್‌ಟಾಪಿನಲ್ಲಿ ಫ್ಯಾಕ್ಟ್ ಶೀಟ್ ತೆಗೆದಳು. ಹಳದಿ ಸೆಲ್, ಮೂರು ವಾರ ಹಳೆಯ ಕಾಮೆಂಟ್. ಕೊಲೆಯಾದ ಹೊತ್ತಿಗೆ ಲ್ಯೂಕಸ್ ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಚಾವಣಿ ಕೆಲಸದಲ್ಲಿದ್ದ, ಕೆಲಸದ ದಾಖಲೆ ಇದೆ, ಸಂಬಳದ ಚೆಕ್ ನಗದು ಮಾಡಿಸಿದ್ದೂ ಇದೆ, ರಸ್ತೆಯಲ್ಲಿ 1500 ಕಿಲೋಮೀಟರಿಗಿಂತ ಜಾಸ್ತಿ ದೂರ, ನೋಡಿ ಸರ್. ಅದರ ಕೆಳಗೆ ನನ್ನ ಉತ್ತರ. ಒಂದೇ ಪದ: ನೋಟೆಡ್.

ಓದಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಓದಿದ್ದೆ. ಇದೇ ಅನುಮಾನದ ಮೇಲೆ 1998ರಲ್ಲಿ ಗವರ್ನರ್ ಜಾರ್ಜ್ ಬುಷ್ ಆ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿದ್ದೂ ನನ್ನದೇ ಸ್ಕ್ರಿಪ್ಟಿನ ಕೊನೆಯ ಭಾಗದಲ್ಲಿತ್ತು. ಅಂದರೆ ಎರಡನೇ ನಿಮಿಷದಲ್ಲಿ ನಾನೇ ಅವನನ್ನು ಟೆಕ್ಸಾಸ್‌ನಲ್ಲಿ ನಿಲ್ಲಿಸಿ, ಮೂವತ್ತೆಂಟನೇ ನಿಮಿಷದಲ್ಲಿ ಫ್ಲಾರಿಡಾಕ್ಕೆ ಕಳಿಸಿದ್ದೆ. ಮೂವತ್ತೆಂಟರ ತನಕ ಯಾರು ಕೂತಿರ್ತಾರೆ?

ಗ್ರಾಫಿಕ್ಸಿನವನು ಮನೆಗೆ ಹೋಗಿದ್ದ. ಪ್ರಾಜೆಕ್ಟ್ ಫೈಲ್ ಅವನ ಮಷೀನಿನಲ್ಲಿ, ಪ್ಲಗಿನ್ ಲೈಸೆನ್ಸ್ ಕೂಡ ಅಲ್ಲೇ. (ಇನ್ನೊಂದು ಲೈಸೆನ್ಸ್ ಕೇಳಿ ಎಷ್ಟು ತಿಂಗಳಾಯಿತೋ.) ಚುಕ್ಕೆಯೊಂದಕ್ಕೇ ಮಾಸ್ಕ್ ಹೊಡೆದು ಮರೆಮಾಡಿ ನೋಡಿದೆವು. ಗೆರೆ ಬಂದು ಖಾಲಿ ಜಾಗದಲ್ಲಿ ನಿಂತು ಮುಂದೆ ಹೋಯಿತು. ಇನ್ನೂ ಎದ್ದು ಕಾಣುತ್ತಿತ್ತು. ಇಪಿಗೆ (ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್‌ಗೆ) ಫೋನ್ ಮಾಡಿದೆ. "ಮುಂದೆ ಸರಿ ಮಾಡ್ತೀವಲ್ರೀ, ಪಂಚ್ ಹೋಗುತ್ತೆ" ಅಂದರು. ನನ್ನ ವಾದವನ್ನೇ ಇನ್ನೊಬ್ಬರ ಬಾಯಲ್ಲಿ ಕೇಳಿ ಕಿವಿ ಬಿಸಿಯಾಯಿತು.

ಹತ್ತೂಕಾಲಿಗೆ ಮ್ಯಾಪನ್ನೇ ಕಿತ್ತೆವು. ಇಪ್ಪತ್ತೆರಡು ಸೆಕೆಂಡಿನ ತೂತು. ಕೆಳಗಿದ್ದ ವಿಒ "ನೂರಾರು ಜನರನ್ನು ಕೊಂದ" ಅನ್ನುತ್ತಿತ್ತು. ಅದು "ಕೊಂದೆ ಎಂದು ಹೇಳಿಕೊಂಡ" ಆಗಬೇಕು, ವಾಯ್ಸ್ ಕಲಾವಿದರು ಫೋನ್ ಎತ್ತಲಿಲ್ಲ. ಎಡಿಟರ್ ಇಡೀ ಟ್ರ್ಯಾಕ್ ಜಾಲಾಡಿ ಎಲ್ಲಿಂದಲೋ ಒಂದು "ಕೊಂದೆ", ಇನ್ನೆಲ್ಲಿಂದಲೋ ಒಂದು "ಎಂದು ಹೇಳಿಕೊಂಡ" ಹುಡುಕಿ ಅಂಟಿಸಿದ. ದನಿ ಸ್ವಲ್ಪ ಕುಸಿಯಿತು. ಇರಲಿ.

ತೂತಿಗೆ ಏನು ತುಂಬೋದು? ಬಿನ್ (ಫುಟೇಜ್ ಇಟ್ಟಿರುವ ಫೋಲ್ಡರ್) ತೆಗೆದರೆ ಲ್ಯೂಕಸ್ ಮಾತಾಡುವ ಫುಟೇಜ್ ಮೂರು ಗಂಟೆಯದ್ದು. ಆ ಹೆಂಗಸಿನದು ಒಂದೇ ಒಂದು ಫೋಟೋ. ಡಿಎನ್‌ಎ ಮೂಲಕ 2019ರಲ್ಲಿ ಆಕೆಗೆ ಹೆಸರು ವಾಪಸ್ ಸಿಕ್ಕಿತ್ತು, 40 ವರ್ಷದ ಮೇಲೆ. ನಮ್ಮ ಸ್ಕ್ರಿಪ್ಟಿನಲ್ಲಿ ಮಾತ್ರ ಆಕೆ ಇನ್ನೂ ಕಾಲುಚೀಲವೇ. ಫೋಟೋ ಹಾಕಿ ಲೋವರ್ ಥರ್ಡ್‌ನಲ್ಲಿ, ಅಂದರೆ ಪರದೆಯ ಕೆಳಗಿನ ಪಟ್ಟಿಯಲ್ಲಿ, ಹೆಸರು ಕೊಟ್ಟೆವು. ಕಾಗುಣಿತ ಎರಡು ಸಲ ನೋಡಿದಳು ರಿಸರ್ಚರ್.

ಬಯಾಸ್ (ಪಕ್ಷಪಾತ) ಅಂದರೆ ಯಾರೋ ಬೇಕಂತ ಮಾಡುವುದು ಅಂದುಕೊಂಡಿದ್ದೆ. ನಮ್ಮಲ್ಲಿ ಅದು ಬಿನ್‌ನಿಂದಲೇ ಬರುತ್ತೆ. ಸತ್ತವರು ಬೈಟ್ ಕೊಡಲ್ಲ, ಕೊಂದವನು ಕೊಡ್ತಾನೆ. ಲ್ಯೂಕಸ್‌ಗೆ ಪೊಲೀಸರು ಮಿಲ್ಕ್‌ಶೇಕ್, ಸಿಗರೇಟು ಕೊಟ್ಟರು. ಅವನು ಹೂಂ ಅಂದಾಗಲೆಲ್ಲ ಒಂದು ಫೈಲ್ ಮುಚ್ಚಿತು, ನಿಜವಾಗಿ ಕೊಂದವನು ಆರಾಮಾಗಿದ್ದ. 1985ರಲ್ಲಿ ಡಲ್ಲಾಸ್ ಟೈಮ್ಸ್ ಹೆರಾಲ್ಡ್ ಪತ್ರಿಕೆ ಅವನು ಯಾವಾಗ ಎಲ್ಲಿದ್ದ ಅಂತ ತಾಳೆ ಹಾಕಿ ಕಥೆ ಬಿಚ್ಚಿಟ್ಟಿತು. ಇಷ್ಟು ವರ್ಷದ ಮೇಲೆ ನಾನು ಮತ್ತೆ ಅವನಿಗೇ ಮೈಕ್ ಹಿಡಿದೆ. ಹಾಗಂತ ತಪ್ಪೊಪ್ಪಿಗೆ ಎಲ್ಲಾ ಬೊಗಳೆ ಅಂತಲೂ ಅಲ್ಲ. ಅಮೆರಿಕದ ಇನ್ನೊಬ್ಬ ಸರಣಿ ಕೊಲೆಗಾರ ಸ್ಯಾಮ್ಯುಯೆಲ್ ಲಿಟಲ್ 93 ಕೊಲೆ ಒಪ್ಪಿಕೊಂಡ, 2019ರ ಹೊತ್ತಿಗೆ ಎಫ್‌ಬಿಐ 50 ಖಚಿತ ಮಾಡಿತ್ತು. ಒಂದೊಂದನ್ನೂ ಕೂತು ನೋಡಬೇಕು, ಅಷ್ಟೇ. ಈಗ ಶೀಟಿನಲ್ಲಿ ಎರಡು ಕಾಲಂ ಇದೆ: ಅವನು ಹೇಳಿದ್ದು, ಅವನನ್ನು ಬಿಟ್ಟು ಬೇರೆ ಏನಿದೆ. ಎರಡನೆಯದು ಖಾಲಿ ಇದ್ದರೆ ಗ್ರಾಫಿಕ್ಸ್ ಇಲ್ಲ.

ಫೈಲ್ ಹೋಗಿದ್ದು ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ. ಕ್ಯೂಸಿಯವರು ಹಿಡಿದದ್ದು ಒಂದೇ ತಪ್ಪು, "ಹೇಳಿಕೊಂಡ" ಪದದ ಮೇಲೆ ಆಡಿಯೋ ಪಾಪ್, ಟಪ್ ಅನ್ನೋ ಸದ್ದು.

ರಿಲೀಸ್ ದಿನ ರಿಸರ್ಚರ್ ಥಂಬ್‌ನೇಲಿನ ಸ್ಕ್ರೀನ್‌ಶಾಟ್ ಕಳಿಸಿದಳು. ಲ್ಯೂಕಸ್‌ನ ಮುಖ, ಮೇಲೆ ಕೆಂಪಕ್ಷರದಲ್ಲಿ "600 ಕೊಲೆ!" ನಮಗೆ ತೋರಿಸದೆ ಮಾರ್ಕೆಟಿಂಗ್‌ನವರು ಮಾಡಿದ್ದು. ಉದ್ದಕ್ಕೆ ಒಂದು ಮೇಲ್ ಬರೆದೆ, ಕಾರಣ ಸಮೇತ. ಸಂಜೆ ಉತ್ತರ ಬಂತು.

"ನೋಟೆಡ್."