ಮಳೆ ಸದ್ದಿಲ್ಲದ ಏಳು ದಿನ: ಕೊಪ್ಪಳದ ರಜೆ ಪ್ರಾಜೆಕ್ಟಿನ ದಿನಚರಿ

ಆಗಸ್ಟ್ 18, 2024

ನಿನ್ನೆ ಕೊನೆಗೂ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಜಾಗದಲ್ಲಿ ತಾತ್ಕಾಲಿಕ ಗೇಟು ಕೂತಿತು. 10ರ ರಾತ್ರಿ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗಿನಿಂದ ಕೊಪ್ಪಳದಲ್ಲಿ ಯಾರ ಬಾಯಲ್ಲೂ ಬೇರೆ ಮಾತಿರಲಿಲ್ಲ. ಡ್ಯಾಮಿನ ಪಕ್ಕದ ಮುನಿರಾಬಾದಿನಲ್ಲಿರುವ ನಮ್ಮ ಅತ್ತೆ ಒಂದು ವಾರ ಫೋನನ್ನು ತಲೆದಿಂಬಿನ ಕೆಳಗೇ ಇಟ್ಟು ಮಲಗಿದ್ದರಂತೆ.

ಇದನ್ನೇ ಬೇಕರಿಯಲ್ಲಿ ಟೀ ಕುಡಿಯುತ್ತಾ ಹೇಳುತ್ತಿದ್ದೆ. ಬೇಕರಿ ಚೇಟ (ಮಲಯಾಳದಲ್ಲಿ ಅಣ್ಣ) ಕೇರಳದಿಂದ ಕೊಪ್ಪಳಕ್ಕೆ ಬಂದು ಇಪ್ಪತ್ತು ವರ್ಷ ಆಯಿತು, ನಮಗಿಂತ ಚೆನ್ನಾಗಿ "ಹೌದಲ್ರೀ" ಅಂತಾರೆ. ಅವರ ತಂಗಿ ವಯನಾಡಿನಲ್ಲಿ ಟೀಚರು. ಜುಲೈ 30ರ ನಸುಕಿನಲ್ಲಿ ಗುಡ್ಡ ಕುಸಿದು ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದವಲ್ಲ, ಅಲ್ಲಿಂದ ಸ್ವಲ್ಪವೇ ದೂರ. "ಮಳೆ ಸದ್ದು ಕೇಳಿದರೆ ಮಕ್ಕಳು ಎದ್ದು ಕೂರ್ತಾರಂತ್ರೀ. ದಿನಾ ಮಳೆ. ದಿನಾ ಎದ್ದು ಕೂರೋದು," ಅಂದರು ಚೇಟ.

ನಾನು ಸುಮ್ನೆ ಅಂದುಬಿಟ್ಟೆ: "ನಮ್ಮೂರಿಗೆ ಕಳಿಸಲಿ ಬಿಡ್ರಿ. ಇಲ್ಲಿ ಮಳೆನೇ ಬರಂಗಿಲ್ಲ."

ತಮಾಷೆಗೆ ಅಂದಿದ್ದು. ಮನೆಗೆ ಬಂದ ಮೇಲೆ ಅದು ತಲೆಯಿಂದ ಹೋಗಲಿಲ್ಲ. ಆ ದುರಂತದ ಮುಂಚಿನ 48 ಗಂಟೆಯಲ್ಲಿ ಅಲ್ಲಿ 572 ಮಿಲಿಮೀಟರ್ ಮಳೆ ಬಿದ್ದಿತ್ತು ಅಂತ ಕೇರಳದ ಮುಖ್ಯಮಂತ್ರಿ ಹೇಳಿದ್ದರು. ನಮ್ಮ ಕೊಪ್ಪಳ ಜಿಲ್ಲೆಗೆ ಇಡೀ ವರ್ಷಕ್ಕೆ ಬೀಳುವುದು ಹೆಚ್ಚುಕಡಿಮೆ ಅಷ್ಟೇ. ನಮ್ಮ ಒಂದು ವರ್ಷದ ಮಳೆ ಅವರ ಮೇಲೆ ಎರಡೇ ದಿನದಲ್ಲಿ ಸುರಿದಿದೆ.

ಸೆಪ್ಟೆಂಬರ್ 8

ವಯನಾಡಿನ ಆ ಮಕ್ಕಳನ್ನು ಒಂದು ವಾರ ರಜೆಗೆ ನಮ್ಮೂರಿಗೆ ಕರೆಸೋಣ ಅಂತ ನಾವೊಂದು ಗುಂಪು ಹೊರಟಿದ್ದೇವೆ. ಇದೇನು ನಾವೇ ಹುಡುಕಿದ ಹೊಸ ಐಡಿಯಾ ಅಲ್ಲ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರದಲ್ಲಿ ಸ್ಫೋಟ ಆದ ಮೇಲೆ ಬೆಲಾರುಸ್, ಉಕ್ರೇನಿನ ಮಕ್ಕಳನ್ನು ಐರ್ಲೆಂಡ್, ಇಟಲಿ, ಬ್ರಿಟನ್‌ನ ಮನೆಗಳು ವರ್ಷಾವರ್ಷ ಕರೆಸಿಕೊಂಡಿವೆ. ಊರವರೇ ದುಡ್ಡು ಕೂಡಿಸೋದು, ಊರವರ ಮನೆಯಲ್ಲೇ ಇರಿಸಿಕೊಳ್ಳೋದು. ಕ್ಯೂಬಾ 1990ರಲ್ಲಿ ತರಾರಾ ಅನ್ನುವ ಕಡಲ ದಂಡೆಯ ಊರನ್ನೇ ಇದಕ್ಕೆ ಬಿಟ್ಟುಕೊಟ್ಟಿತು. ಅಲ್ಲಿಗೆ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಮಕ್ಕಳು ಬಂದುಹೋದರು. ಫುಕುಶಿಮಾ ಅಣುಸ್ಥಾವರದ ದುರಂತ ಆದ ಮೇಲೆ ಜಪಾನಿನಲ್ಲೂ ಶುರುವಾಯಿತು. ಅವರು ಇದಕ್ಕೆ ಹೊಯೊ ಅನ್ನುತ್ತಾರೆ.

ಆ ರಜೆಗೆ ಮೈಯ ಲೆಕ್ಕವೂ ಇತ್ತು. ಆ ಸ್ಫೋಟದಿಂದ ಹರಡಿದ ವಿಕಿರಣದ ವಿಷ ಸೀಸಿಯಂ-137 ಮಣ್ಣಿನಲ್ಲಿ ಅರ್ಧ ಆಗಬೇಕಾದರೆ 30 ವರ್ಷ ಬೇಕು. ಮೈಯೊಳಗೆ ಹೋದದ್ದು ಮಾತ್ರ ಮೂತ್ರದಲ್ಲಿ ಹೊರಗೆ ಹೋಗುತ್ತಾ ಇರುತ್ತದೆ, ಮಕ್ಕಳಲ್ಲಿ ದೊಡ್ಡವರಿಗಿಂತ ಬೇಗ. ಹಾಗಾಗಿ ಒಂದು ತಿಂಗಳು ವಿಷ ತಾಗದ ಊಟ ಮಾಡಿದರೂ ಲೆಕ್ಕ ಇಳಿಯುತ್ತದೆ.

ನಮ್ಮ ಮಕ್ಕಳಿಗೆ ಹೊರಗೆ ಹೋಗಬೇಕಾದ ವಿಷ ಏನೂ ಇಲ್ಲ. ಬೇಕಾಗಿರುವುದು ನಿದ್ದೆ. ಒಂದು ವಾರ ನಿದ್ದೆ ಮಾಡಿ ವಾಪಸ್ ಅದೇ ಮಳೆಗೆ ಹೋದರೆ ಏನು ಬಂತು ಅಂತ ನಮ್ಮ ಗುಂಪಿನ ಮೇಷ್ಟ್ರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಚೇಟ ಅಂದರು, "ನೀವು ಬೇಸಿಗೆಯಲ್ಲಿ ಒಂದು ವಾರ ಊಟಿಗೆ ಹೋಗಿ ಬರಲ್ವಾ ಸಾರ್? ವಾಪಸ್ ಬಂದಾಗ ಕೊಪ್ಪಳ ತಂಪಾಗಿರುತ್ತಾ?" ಮೇಷ್ಟ್ರು ಸುಮ್ಮನಾದರು.

ಏಪ್ರಿಲ್-ಮೇ ಬೇಡ ಅಂತಾಯಿತು. 40 ಡಿಗ್ರಿಯ ಕೊಪ್ಪಳಕ್ಕೆ ಮಕ್ಕಳನ್ನು ಕರೆಸಿದರೆ ಅದು ರಜೆ ಅಲ್ಲ, ಶಿಕ್ಷೆ. ಕ್ರಿಸ್‌ಮಸ್ ರಜೆ ಸರಿ.

ಅಕ್ಟೋಬರ್ 20

ಒಂದು ಮಗು, ಒಂದು ದಿನ, 650 ರೂಪಾಯಿ. ಹೀಗೆ ಇಟ್ಟೆವು. "ಸಹಾಯ ಮಾಡಿ" ಅಂದಾಗ ಜನ ಮುಖ ತಿರುಗಿಸುತ್ತಿದ್ದರು. "ಎಷ್ಟು ದಿನ ತಗೋತೀರಿ?" ಅಂದಾಗ ಜೇಬಿಗೆ ಕೈ ಹಾಕಿದರು. ಕಿರಾಣಿ ಅಂಗಡಿಯ ಅಕ್ಕ ಐದು ದಿನ ತಗೊಂಡರು. ಎಪಿಎಂಸಿಯ ಹಮಾಲರು ಎಲ್ಲ ಸೇರಿ ಒಂಬತ್ತು ದಿನ. 14 ಮಕ್ಕಳು, 7 ದಿನ, ಅಂದರೆ 98 ದಿನ. ಇವತ್ತಿಗೆ 61 ಆಗಿದೆ. ಓಡಾಟದ ಖರ್ಚು ಬೇರೆ.

ಹಳೆ ಬಟ್ಟೆ ಬೇಡ ಅಂತ ಮೊದಲೇ ಹೇಳಿದ್ದರೂ ಮೂರು ಮೂಟೆ ಬಂದಿವೆ. ಒಂದು ಮೂಟೆಯಲ್ಲಿ ಒಂಟಿ ಕಾಲಿನ ಶೂ ಇತ್ತು. ಇದನ್ನು ಕೊಟ್ಟವರು ಏನಂತ ಕೊಟ್ಟರೋ.

ಒಂದು ಸಂಸ್ಥೆ 20 ಸಾವಿರ ಕೊಡ್ತೀವಿ ಅಂತು. ಮಕ್ಕಳು ಅವರ ಬ್ಯಾನರ್ ಮುಂದೆ ನಿಲ್ಲಬೇಕಂತೆ, ಫೋಟೋ ಪೇಪರಿನಲ್ಲಿ ಬರಬೇಕಂತೆ. ಬೇಡ ಅಂದೆವು. ಅಂದ ಮೇಲೆ ಎರಡು ದಿನ ನಿದ್ದೆ ಬರಲಿಲ್ಲ, 20 ಸಾವಿರ ಅಂದರೆ ಕಡಿಮೆ ದುಡ್ಡಲ್ಲ.

ನವೆಂಬರ್ 17

ಪೂರ್ತಿ ತಿಂಗಳು ಕಾಗದಪತ್ರ. ಎರಡೂ ಕಡೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳಿಗೆ ಪತ್ರ, ಪ್ರತಿ ಮನೆಯಿಂದ ಒಪ್ಪಿಗೆ, ಮಕ್ಕಳ ಜೊತೆ ಬರುವ ಐವರು ದೊಡ್ಡವರ ವಿವರ. ಮಕ್ಕಳನ್ನಷ್ಟೇ ಕಳಿಸಿ ಅಂತ ಕೇಳುವ ಧೈರ್ಯ ನಮಗಿರಲಿಲ್ಲ, ಕಳಿಸುವ ಧೈರ್ಯ ಅವರಿಗೂ ಇರಲಿಕ್ಕಿಲ್ಲ. ಬೇಸರದ ಕೆಲಸ. ಆದರೆ ಇದನ್ನು ಬಿಟ್ಟು ಇಂಥದ್ದಕ್ಕೆ ಕೈ ಹಾಕಬಾರದು.

ದಾರಿ ಹೀಗೆ: ಮಧ್ಯಾಹ್ನದೊಳಗೆ ವಯನಾಡಿನಿಂದ ಮಿನಿ ಬಸ್ಸಿನಲ್ಲಿ ಹೊರಟು ಬಂಡೀಪುರ ದಾಟಿ ಮೈಸೂರು. ಸಂಜೆ ಹಂಪಿ ಎಕ್ಸ್‌ಪ್ರೆಸ್, ಬೆಳಿಗ್ಗೆ ಕೊಪ್ಪಳ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗಾಡಿ ಬಿಡುವುದಿಲ್ಲ, ಹಾಗಾಗಿ ಎಲ್ಲ ಹಗಲಲ್ಲೇ ಮುಗಿಯಬೇಕು. ಟಿಕೆಟ್ ತಡ ಮಾಡಿದ್ದು ನನ್ನ ತಪ್ಪು. ಐದು ಸೀಟು ವೇಟಿಂಗ್‌ನಲ್ಲಿವೆ.

ಡಿಸೆಂಬರ್ 22, ಭಾನುವಾರ

ಬಂದರು! ವೇಟಿಂಗ್‌ನ ಐದರಲ್ಲಿ ಮೂರು ಕನ್‌ಫರ್ಮ್ ಆಗಿದ್ದವು. ಉಳಿದದ್ದಕ್ಕೆ ಮಕ್ಕಳು ಒಬ್ಬರ ಮೇಲೊಬ್ಬರು ಮಲಗಿ ಬಂದಿದ್ದಾರೆ.

ಸ್ಟೇಷನ್ನಿನಲ್ಲಿ ನಾವು ಹೂವಿನ ಹಾರ ಹಿಡಿದುಕೊಂಡು ನಿಂತಿದ್ದೆವು. ಮಕ್ಕಳು ನಮ್ಮನ್ನು ನೋಡಲೇ ಇಲ್ಲ, ಹಿಂದಿದ್ದ ಬೋಳು ಗುಡ್ಡ ನೋಡುತ್ತಾ ನಿಂತರು.

ಏಳು ಮನೆ, ಮನೆಗೆ ಇಬ್ಬರು. ಚೆರ್ನೋಬಿಲ್ ಮಕ್ಕಳನ್ನು ಜೋಡಿಯಾಗಿ ಇರಿಸಿಕೊಳ್ಳುವ ಪದ್ಧತಿ ಇತ್ತು ಅಂತ ಓದಿದ್ದೆ, ಅದನ್ನೇ ಹಿಡಿದೆವು.

ಊಟದ ಮೊದಲ ಪಾಠ: ಗಂಗಾವತಿ ಸೋನಾ ಮಸೂರಿ ನಮಗೆ ಹೆಮ್ಮೆ, ಅವರಿಗೆ ಸೇಮಿಗೆ. ದಪ್ಪ ಕೆಂಪು ಕುಸುಬಲಕ್ಕಿ ತಿನ್ನುವ ಮಕ್ಕಳು "ಇದು ಅನ್ನಾನಾ?" ಅನ್ನುವ ಹಾಗೆ ನೋಡಿದರು. ಜೋಳದ ರೊಟ್ಟಿಯನ್ನು ಹಪ್ಪಳದ ಹಾಗೆ ಮುರಿದು ಬರೀ ತಿಂದರು. ಸಂಜೆ ಮಂಡಕ್ಕಿ ಒಗ್ಗರಣೆ-ಮಿರ್ಚಿ ಬಜ್ಜಿ ಬಂದಾಗ ಎಲ್ಲ ಸರಿಹೋಯಿತು. ಒಬ್ಬಳು ನಾಲ್ಕು ಮಿರ್ಚಿ ತಿಂದಳು. ಐದನೆಯದನ್ನು ನಾನೇ ತಡೆದೆ.

ಡಿಸೆಂಬರ್ 23, ರಾತ್ರಿ

ನಿನ್ನೆ ರಾತ್ರಿ ನಡೆದದ್ದನ್ನು ಬರೆಯಬೇಕು.

ನಮ್ಮ ಮನೆಯ ಹಿಂದೆ ಪತ್ರಾಸ್ (ತಗಡಿನ ಚಾವಣಿ) ಹಾಕಿದ ಬಚ್ಚಲು ಇದೆ. ರಾತ್ರಿ ನಳ ಬಂತು ಅಂತ ಮೋಟರ್ ಹಾಕಿ ಮಲಗಿಬಿಟ್ಟೆ. ಎರಡು ಗಂಟೆಗೆ ಸಿಂಟೆಕ್ಸ್ ತುಂಬಿ ನೀರು ಪತ್ರಾಸಿನ ಮೇಲೆ ಸುರಿಯತೊಡಗಿತು. ನಮಗೆ ಅದು ದಿನದ ಸದ್ದು, ಎಚ್ಚರವೇ ಆಗುವುದಿಲ್ಲ.

ನಮ್ಮ ಮನೆಗೆ ಬಂದಿದ್ದ ಅತ್ತೆ ನೀರು ಕುಡಿಯಲು ಎದ್ದವರು ನನ್ನನ್ನು ಎಬ್ಬಿಸಿದರು. ಹತ್ತು ವರ್ಷದ ಹುಡುಗ ಪಡಸಾಲೆಯ ಬಾಗಿಲ ಹತ್ತಿರ ಕೂತಿದ್ದ. ಸ್ವೆಟರ್ ಹಾಕಿಕೊಂಡಿದ್ದ. ಕಾಲಿಗೆ ಚಪ್ಪಲಿ. ಬ್ಯಾಗು ತೊಡೆಯ ಮೇಲೆ. ಒಂದು ಕೈಯಲ್ಲಿ ತಮ್ಮನ ಅಂಗಿ ಹಿಡಿದಿದ್ದ, ತಮ್ಮ ಕೂತಲ್ಲೇ ನಿದ್ದೆ ಹೋಗಿದ್ದ. ಅಳು ಇಲ್ಲ, ಗಾಬರಿ ಇಲ್ಲ. ಬಸ್ಸಿಗೆ ಕಾಯುವವರು ಕೂತಿರುತ್ತಾರಲ್ಲ, ಹಾಗೆ.

"ಮಳ," ಅಂದ.

ಮಲಯಾಳದಲ್ಲಿ ಮಳೆಗೆ ಮಳ. ಆ ಮಾತಿಗೆ ಚೇಟ ಬೇಕಾಗಲಿಲ್ಲ.

ಅತ್ತೆ ಏನೂ ಹೇಳಲಿಲ್ಲ. ಅವನ ಕೈ ಹಿಡಿದು ಹಿಂದಿನ ಬಾಗಿಲು ತೆಗೆದು ಹೊರಗೆ ನಿಲ್ಲಿಸಿದರು. ಮೇಲೆ ನಕ್ಷತ್ರ. ಸಿಂಟೆಕ್ಸ್ ತೋರಿಸಿದರು. ನಾನು ಮೋಟರ್ ಆಫ್ ಮಾಡಿದೆ. ಸದ್ದು ಸಣ್ಣದಾಗುತ್ತಾ ಬಂದು ನಿಂತಿತು. ಅತ್ತೆ ಮತ್ತೆ ಸ್ವಿಚ್ ಹಾಕು ಅಂದರು. ಹಾಕಿದೆ, ಸುರಿಯಿತು. ಆಫ್ ಮಾಡು ಅಂದರು, ನಿಂತಿತು. ಮೂರನೆಯ ಸಲ ಅವನ ಕೈಯಿಂದಲೇ ಸ್ವಿಚ್ ಒತ್ತಿಸಿದರು. "ನೋಡಪಾ, ಇಲ್ಲಿ ಮಳಿ ನಿನ್ನ ಕೈಯಾಗ ಐತಿ," ಅಂದರು. ಅವನಿಗೆ ಅರ್ಥ ಆಯಿತೋ ಇಲ್ಲವೋ. ಚಪ್ಪಲಿ ಮಾತ್ರ ಬಿಚ್ಚಲಿಲ್ಲ, ಹಾಕಿಕೊಂಡೇ ಮಲಗಿದ.

ಡಿಸೆಂಬರ್ 25

ಜೋಡಿ ಪದ್ಧತಿ ಕೈಬಿಟ್ಟೆವು. ಮೂರು ಮನೆಗಳಲ್ಲಿ ಮಕ್ಕಳು ರಾತ್ರಿ ಅತ್ತಿದ್ದಾರೆ. ಅಲ್ಲಿ ಯುರೋಪಿನಲ್ಲಿ ಸುಮಾರು ಒಂದು ತಿಂಗಳು ಇರುತ್ತಿದ್ದರು, ಹೊಂದಿಕೊಳ್ಳಲು ಟೈಮ್ ಸಿಗುತ್ತಿತ್ತು. ನಮ್ಮದು ಒಂದೇ ವಾರ, ಮೇಲೆ ಭಾಷೆ ಬರಲ್ಲ. ಓದಿದ್ದನ್ನು ಹಾಗೇ ತಂದು ಹೇರಿದೆ ನಾನು. ಈಗ ರಾತ್ರಿ ಎಲ್ಲರೂ ಮೇಷ್ಟ್ರ ಮನೆಯ ದೊಡ್ಡ ಪಡಸಾಲೆಯಲ್ಲಿ, ಸಾಲಾಗಿ ಹಾಸಿಗೆ. ಹಗಲು ಅವರವರ ಮನೆ.

ಚೇಟ ಕೇಕ್ ತಂದರು. ನಿನ್ನೆ ದಂತವೈದ್ಯರೊಬ್ಬರು ಎಲ್ಲರ ಹಲ್ಲು ನೋಡಿದರು, ಫೀಸು ತಗೊಳ್ಳಲಿಲ್ಲ. ಇದೂ ಚೆರ್ನೋಬಿಲ್ ಊರುಗಳಿಂದ ಕಲಿತದ್ದೇ, ಇದು ಮಾತ್ರ ಕೆಲಸ ಮಾಡಿತು. ಆರು ಮಕ್ಕಳಿಗೆ ಹುಳುಕು. ಕೇಕ್ ಆಮೇಲೆ ತರಬಹುದಿತ್ತೇನೋ.

ಡಿಸೆಂಬರ್ 26

ಬೆಳಿಗ್ಗೆ ಕಿನ್ನಾಳ. ಚಿತ್ರಗಾರರ ಮನೆಯಲ್ಲಿ ಹಗುರ ಮರದ ಗೊಂಬೆಗೆ ಹುಣಸೆ ಬೀಜದ ಅಂಟು ಬಳಿಯುವುದನ್ನು ತೋರಿಸಿದರು. ಹತ್ತು ನಿಮಿಷ ಅಂದುಕೊಂಡಿದ್ದೆವು, ಮೂರು ಗಂಟೆ ಆಯಿತು. ಬಣ್ಣ ಹಚ್ಚುವಾಗ ಮೊದಲ ಸಲ ಜೋರು ನಗು ಕೇಳಿಸಿತು.

ಸಂಜೆ ಪಾಲ್ಕಿಗುಂಡು ಬೆಟ್ಟ. ಕರೆದುಕೊಂಡು ಹೋಗುವುದೋ ಬೇಡವೋ ಅಂತ ನಿನ್ನೆ ರಾತ್ರಿ ಜಗಳವೇ ಆಗಿತ್ತು. ಗುಡ್ಡ ಕುಸಿದು ಊರು ಕಳೆದುಕೊಂಡ ಮಕ್ಕಳಿಗೆ ಗುಡ್ಡ ತೋರಿಸೋದಾ? ಡ್ಯಾಮು ಬೇಡ ಅಂತ ಆಗಲೇ ತೀರ್ಮಾನ ಆಗಿತ್ತು. ಆದರೆ ಕೊಪ್ಪಳದಲ್ಲಿ ಗುಡ್ಡ ಕಾಣದ ಹಾಗೆ ಯಾವ ಕಡೆ ಮುಖ ಮಾಡಿ ನಿಲ್ಲಿಸುತ್ತೀರಿ? ಮಕ್ಕಳನ್ನೇ ಕೇಳಿದೆವು. ಹೋಗೋಣ ಅಂದರು.

ಬಂಡೆಯ ಮೇಲೆ ಪಲ್ಲಕ್ಕಿಯ ಹಾಗೆ ಕೂತ ಆ ದೊಡ್ಡ ಚಪ್ಪಟೆ ಕಲ್ಲನ್ನು ನೋಡಿ, ಮಿರ್ಚಿ ತಿಂದಿದ್ದ ಹುಡುಗಿ ಕೇಳಿದಳು: "ಇದು ವೀಳಿಲ್ಲೇ?" ಬೀಳಲ್ವಾ?

ಮೇಷ್ಟ್ರು ಆ ಕಲ್ಲಿನ ಕೆಳಗಿನ ಅಕ್ಷರ ತೋರಿಸಿದರು. ಅಶೋಕನ ಶಾಸನ. "ಇದನ್ನು ಬರೆಸಿ 2,200 ವರ್ಷ ಆಯ್ತು. ಆವತ್ತೂ ಈ ಕಲ್ಲು ಹಿಂಗೇ ಇತ್ತು." ಚೇಟ ಮಲಯಾಳಕ್ಕೆ ತಿರುಗಿಸಿದರು. ಹುಡುಗಿ ಒಪ್ಪಲಿಲ್ಲ. ನಮ್ಮ ಗುಡ್ಡಾನೂ ಅಜ್ಜನ ಕಾಲದಿಂದ ಇತ್ತು, ಅಂದಳಂತೆ. ಸರಿಯಾದ ಮಾತು.

ಆಗ ಮೇಷ್ಟ್ರು ಕೋಲಿನಿಂದ ಬಂಡೆ ಕೆರೆದು ತೋರಿಸಿದರು. ಕೋಲು ಒಳಗೆ ಹೋಗಲಿಲ್ಲ. ಮಣ್ಣೇ ಇಲ್ಲ. ವಯನಾಡಿನಲ್ಲಿ ಕಲ್ಲಿನ ಮೇಲೆ ಆಳದ ಮಣ್ಣು, ಅದು ನೀರು ಕುಡಿದು ಕುಡಿದು ಭಾರವಾಗಿ, ಸಡಿಲಾಗಿ ಜಾರಿತು. ನಮ್ಮಲ್ಲಿ ಇದ್ದಬದ್ದ ಮಣ್ಣು ಎಷ್ಟೋ ಕಾಲದ ಹಿಂದೆ ತೊಳೆದು ಹೋಗಿ ಕಲ್ಲಷ್ಟೇ ಉಳಿದಿದೆ. ಆ ಹುಡುಗಿ ಕೋಲು ಇಸಕೊಂಡು ತಾನೇ ನಾಲ್ಕು ಕಡೆ ಕುಟ್ಟಿ ನೋಡಿದಳು. ಉಳಿದವರೂ ಕೋಲು ಹುಡುಕಿಕೊಂಡು ಬಂದರು. ಅರ್ಧ ಗಂಟೆ ಬರೀ ಕುಟ್ಟಿದ್ದೇ. ನೋಡಿದವರು ಏನಂದುಕೊಂಡರೋ. ಶಾಸನದ ಹತ್ತಿರ ಮಾತ್ರ ಯಾರನ್ನೂ ಬಿಡಲಿಲ್ಲ.

ಡಿಸೆಂಬರ್ 28

ನಿನ್ನೆ ಇಲ್ಲಿನ ಶಾಲೆಯ ಮಕ್ಕಳ ಜೊತೆ ಆಟ ಇಟ್ಟುಕೊಂಡಿದ್ದೆವು. ಮನಮೋಹನ್ ಸಿಂಗ್ ತೀರಿಕೊಂಡರು ಅಂತ ಸರ್ಕಾರ ರಜೆ ಕೊಟ್ಟಿತು, ಶಾಲೆ ಬಾಗಿಲು ಮುಚ್ಚಿತು. ಹಾಗಾಗಿ ನಿನ್ನೆ ಕಾರ್ಯಕ್ರಮವೇ ಇಲ್ಲ. ಹೊಲಕ್ಕೆ ಹೋಗಿ ಸೀತನಿ (ಎಳೆ ಜೋಳದ ತೆನೆ) ಸುಟ್ಟು ತಿಂದರು, ಶೇಂಗಾ ಚಟ್ನಿ ಹಚ್ಚಿಕೊಂಡು. ಬೇವಿನ ಮರದ ಕೆಳಗೆ ಮಧ್ಯಾಹ್ನ ಮೂರು ತಾಸು ಗೊರಕೆ ಹೊಡೆದರು. ಇಡೀ ವಾರದಲ್ಲಿ ಒಳ್ಳೆಯ ದಿನ ಯಾವುದು ಅಂತ ಕೇಳಿದರೆ ಹದಿನಾಲ್ಕರಲ್ಲಿ ಹನ್ನೊಂದು ಮಂದಿ ಅದನ್ನೇ ಹೇಳಿದರು. ಹಂಪಿ ಹೇಳಿದವರು ಇಬ್ಬರೇ. ಹಂಪಿಗೆ ಬಸ್ಸು ಮಾಡಿದ ಖರ್ಚು ನೆನೆದರೆ ನಗು ಬರುತ್ತದೆ.

ಸಿಂಟೆಕ್ಸ್ ಹುಡುಗ ಈ ವಾರ ಮೂರು ಸಲ ನಮ್ಮ ಮನೆಗೆ ಬಂದು ಮೋಟರ್ ಹಾಕಿ, ತುಂಬಿ ಸುರಿಯುವ ತನಕ ಕಾದು, ಆಫ್ ಮಾಡಿ ಹೋದ. ನೀರು ಪೋಲಾಗ್ತದೆ ಅಂತ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಚಪ್ಪಲಿ ಈಗಲೂ ಹಾಕಿಕೊಂಡೇ ಮಲಗುತ್ತಾನೆ ಅಂದರು ಮೇಷ್ಟ್ರು.

ಇವತ್ತು ಸಂಜೆ ರೈಲು ಹತ್ತಿಸಿದೆವು.

ಜನವರಿ 5, 2025

ಲೆಕ್ಕ. ಬಂದದ್ದು 1,08,400. ಮಕ್ಕಳ 98 ದಿನಕ್ಕೆ 63,700. ಮಿನಿ ಬಸ್ಸು, ರೈಲು ಸೇರಿ 37,600. ಉಳಿದದ್ದು 7,100. ಕೊಟ್ಟವರಿಗೆಲ್ಲ ಲೆಕ್ಕದ ಹಾಳೆ ಕೊಟ್ಟಾಯಿತು. ಹಮಾಲರು ಹಾಳೆ ಬೇಡ, ಮಕ್ಕಳು ಏನಂದರು ಹೇಳ್ರಿ ಅಂದರು. ಮಿರ್ಚಿ ಕಥೆ ಹೇಳಿದೆ.

ಮುಂದಿನದ್ದು ಓಣಂ ರಜೆಗೆ ಅಂತ ಚೇಟ. ಸೆಪ್ಟೆಂಬರ್ ಅಂದರೆ ನಮ್ಮಲ್ಲೂ ಮಳೆಗಾಲ, ಬೇಡ ಅಂತ ಮೇಷ್ಟ್ರು. "ನಿಮ್ಮದು ಮಳೆನಾ ಸಾರ್?" ಅಂತ ಚೇಟ. ಇನ್ನೂ ತೀರ್ಮಾನ ಆಗಿಲ್ಲ. ಆದರೆ ನವೆಂಬರಿನಿಂದ ರೈಲ್ವೆಯವರು ಮುಂಗಡ ಬುಕಿಂಗ್ 120 ದಿನದಿಂದ 60ಕ್ಕೆ ಇಳಿಸಿದ್ದಾರೆ, ಹಾಗಾಗಿ ಜುಲೈ ಮೊದಲ ವಾರದಲ್ಲೇ ಟಿಕೆಟ್ ಮಾಡಿಸಬೇಕು. ಈ ಸಲ ನಾನು ಮಾಡಿಸುವುದಿಲ್ಲ, ಕಿರಾಣಿ ಅಕ್ಕನಿಗೆ ಒಪ್ಪಿಸಿದ್ದೇನೆ.