ರವೆ ಇಡ್ಲಿ ಮತ್ತು ಸ್ಯಾಕ್ಸೋಫೋನ್

ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ ರವೆ ಇಡ್ಲಿ ಬಂದರೆ ಒಂದು ಕ್ಷಣ ಸುಮ್ನೆ ನೋಡುತ್ತೇನೆ. ಮೇಲೆ ಗೋಡಂಬಿ, ಪಕ್ಕದ ಪುಟ್ಟ ಬಟ್ಟಲಲ್ಲಿ ತುಪ್ಪ, ಬಿಸಿ ಆಲೂಗಡ್ಡೆ ಸಾಗು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಅಲ್ಲಿನ ಅಡುಗೆಮನೆಯವರು ರವೆಯಲ್ಲೇ ಇಡ್ಲಿ ಬೇಯಿಸಿ ನೋಡಿದರಂತೆ. 1924ರಲ್ಲಿ ಕರಾವಳಿಯಿಂದ ಬಂದ ಮಯ್ಯ ಸಹೋದರರು ಶುರು ಮಾಡಿದ ಹೋಟೆಲು ಅದು. ತುರ್ತು ಪರಿಸ್ಥಿತಿಯಲ್ಲಿ ತಿಂಡಿಯ ಬೆಲೆ ಇಳಿಸಲೇಬೇಕಾಗಿ ಬಂದು ನಷ್ಟವಾದಾಗ ಅವರು ರುಚಿ ಕೆಡಿಸಲಿಲ್ಲ, ಹೋಟೆಲನ್ನೇ ಕೆಲ ಕಾಲ ಮುಚ್ಚಿ ಮಸಾಲೆ ಪುಡಿ, ಮಿಕ್ಸ್‌ಗಳ ವ್ಯಾಪಾರಕ್ಕೆ ಇಳಿದರು. ಎಂಥ ಧೈರ್ಯ ಅಲ್ವಾ!

ಇದೇ ಧೈರ್ಯ ನನಗೆ ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥರಲ್ಲೂ ಕಾಣುತ್ತದೆ. ತಂದೆ ನಾಗಸ್ವರ ವಿದ್ವಾಂಸರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಗುಂಡಿ ಒತ್ತಿ ನುಡಿಸುವ ವಾದ್ಯದಲ್ಲಿ ಗಮಕ, ಅಂದರೆ ಸ್ವರಗಳ ಬಳುಕು, ತರುವುದು ಸುಲಭವಲ್ಲ, ಅದಕ್ಕೆ ವಾದ್ಯವನ್ನೇ ಸ್ವಲ್ಪ ಬದಲಾಯಿಸಿಕೊಂಡು ವರ್ಷಗಟ್ಟಲೆ ಸಾಧನೆ ಮಾಡಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಅದೇ ಸ್ಯಾಕ್ಸೋಫೋನ್‌ನಿಂದ ಕರ್ನಾಟಕ ಸಂಗೀತ ಕೇಳಿಸಿತು. ಅವರ ಆಲಾಪನೆ ಕೇಳುವಾಗ ಎಷ್ಟೋ ಸಲ ನಾಗಸ್ವರವೇ ಇರಬೇಕು ಅನ್ನಿಸಿ ನಾನು ಮತ್ತೆ ಕಿವಿಗೊಟ್ಟಿದ್ದೇನೆ.