ಇವತ್ತು ರಾತ್ರಿ ಎಲ್ಲಿ ಮಲಗ್ತೀಯವ್ವಾ?

ನಮ್ಮ ಸ್ತ್ರೀಶಕ್ತಿ ಸಂಘದ ಮೀಟಿಂಗು ಶನಿವಾರ ಸಂಜೆ ಅಂಗನವಾಡಿಯಲ್ಲಿ ನಡೆಯುತ್ತದೆ. ಲೆಕ್ಕದ ಪುಸ್ತಕ ಬರೆಯೋಳು ನಾನು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯೋರೇ ಸಂಘದಲ್ಲಿ ಜಾಸ್ತಿ. ಕೆಲಸ ಮುಗಿಸಿ ಸೀದಾ ಬಂದು ಕೂರುತ್ತಾರೆ, ಸೀರೆಯಲ್ಲಿ ಹೊಗೆ ವಾಸನೆ ಹಾಗೇ ಇರುತ್ತದೆ.

ಎರಡು ವಾರ ಬರದೇ ಇದ್ದ ಒಬ್ಬಳು ಅವತ್ತು ಬಂದಳು. ಉಳಿತಾಯದ ದುಡ್ಡು ಎಣಿಸಿ ಕೊಡುವಾಗ ತಲೆ ಮೇಲಿನ ಸೆರಗು ಜಾರಿತು. ಕಿವಿಯ ಹಿಂದಿನಿಂದ ಕೊರಳವರೆಗೂ ಚರ್ಮ ನೀಲಿಗಟ್ಟಿತ್ತು. 'ಬಚ್ಚಲಲ್ಲಿ ಬಿದ್ದೆ' ಅಂದಳು. ಹೋದ ವರ್ಷವೂ ಹೀಗೇ ಅಂದಿದ್ದಳು, ಆಗ ನಾನು ನಂಬಿದವಳ ಹಾಗೆ ಸುಮ್ಮನಾಗಿದ್ದೆ. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

'ಅಂಥಾದ್ದೇನು ಮಾಡಿದ್ಯೆ?' ಅಂತ ಹಿಂದಿನಿಂದ ಯಾರೋ ಕೇಳಿದರು. ಅವಳು ತಲೆ ತಗ್ಗಿಸಿದಳು. ಅವತ್ತು ಬಂದಿದ್ದ ಅಂಗನವಾಡಿ ಸೂಪರ್‌ವೈಸರ್ ಮಾತ್ರ ಆ ಪ್ರಶ್ನೆಯನ್ನು ಅಲ್ಲಿಗೇ ನಿಲ್ಲಿಸಿ, ಅವಳ ಪಕ್ಕ ಚಾಪೆ ಮೇಲೆ ಕೂತು, 'ಇವತ್ತು ರಾತ್ರಿ ಎಲ್ಲಿ ಮಲಗ್ತೀಯವ್ವಾ?' ಅಂತ ಕೇಳಿದರು.

ಅಳು ಬಂದಿದ್ದು ಆಗ. 'ಎಲ್ಲಿಗೆ ಹೋಗ್ಲಿ ಮೇಡಂ? ಮನೆ ಅವನ ಹೆಸರಲ್ಲೈತಿ. ಕಂಪ್ಲೇಂಟ್ ಕೊಟ್ರೆ ಬೀದಿಗೆ ಹಾಕ್ತಾನೆ. ಅವನು ಜೈಲಿಗೆ ಹೋದ್ರೆ ಮಕ್ಕಳಿಗೆ ಯಾರು ದಿಕ್ಕು?'

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇರೋದೇ ಈ ಎರಡು ಭಯಕ್ಕೆ ಅಂದರು ಮೇಡಂ. ಮನೆ ಯಾರ ಹೆಸರಲ್ಲೇ ಇರಲಿ, ಸಂಸಾರ ಮಾಡಿದ ಮನೆಯಲ್ಲಿ ಇರೋ ಹಕ್ಕು ಅವಳಿಗಿದೆ. ಈ ಕಾಯ್ದೆಯಲ್ಲಿ ಅರ್ಜಿ ಕೊಟ್ಟ ಕೂಡಲೇ ಗಂಡನನ್ನು ಜೈಲಿಗೆ ಹಾಕುವುದಿಲ್ಲ. ಹೊಡೀಬಾರದು, ಹೊರಗೆ ಹಾಕಬಾರದು, ಖರ್ಚಿಗೆ ಕೊಡಬೇಕು ಅಂತ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ರಕ್ಷಣೆಯ ಆದೇಶ ಮುರಿದರೆ ಆಗ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ವಕೀಲರಿಗೂ ದುಡ್ಡು ಬೇಕಿಲ್ಲ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ. ರಾತ್ರಿ ಹೊತ್ತು ಏನಾದರೂ ಆದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನು, ತೀರಾ ತುರ್ತಾದರೆ 112.

2006ರಿಂದ ಜಾರಿಯಲ್ಲಿರೋ ಕಾನೂನು ಇದು. ನಾವು ಇಷ್ಟು ವರ್ಷ ಸಾಲದ ಬಡ್ಡಿಯನ್ನು ಪೈಸೆ ಬಿಡದೆ ಲೆಕ್ಕ ಹಾಕಿದೆವು, ಇದನ್ನು ಒಂದು ಶನಿವಾರವೂ ಮಾತಾಡಲಿಲ್ಲ. ತಪ್ಪು ನಮ್ಮದೇ.

ಆ ರಾತ್ರಿ ಅವಳೂ ಮಕ್ಕಳೂ ಅಧ್ಯಕ್ಷೆಯ ಮನೆಯಲ್ಲಿ ಮಲಗಿದರು. ಸೋಮವಾರ ನಾನು ಅವಳ ಜೊತೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋದೆ. ನಮ್ಮಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿ, ಅಂದರೆ ದೂರು ಬರೆದುಕೊಂಡು ಮ್ಯಾಜಿಸ್ಟ್ರೇಟರಿಗೆ ಕಳಿಸೋ ಅಧಿಕಾರಿ, ಅವರೇ. ಅಚ್ಚು ಹಾಕಿದ ಫಾರಂ ಇಟ್ಟುಕೊಂಡು ಒಂದೊಂದೇ ಕೇಳಿದರು. ಯಾವಾಗ ಹೊಡೆದ, ಯಾವುದರಿಂದ ಹೊಡೆದ, ಕೂಲಿ ದುಡ್ಡು ಕಿತ್ತುಕೊಂಡನಾ, ಮಕ್ಕಳು ನೋಡಿದರಾ. ಅವಳು ಮೊದಮೊದಲು ತಡವರಿಸಿದಳು, ಆಮೇಲೆ ಮದುವೆಯಾದ ವರ್ಷದಿಂದ ಶುರು ಮಾಡಿ ಎಲ್ಲಾ ಹೇಳಿದಳು.

ಹೊರಗೆ ಬಂದು ಗಾಡಿಯಲ್ಲಿ ಮಿರ್ಚಿ ಮಂಡಕ್ಕಿ ತಗೊಂಡೆವು. ಅವಳು ಪೊಟ್ಟಣ ಬಿಚ್ಚದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತಿದ್ದಳು. 'ಅಷ್ಟೊತ್ತು ಮಾತಾಡಿದೆ, ನಡುವೆ ಯಾರೂ ಬಾಯಿ ಹಾಕ್ಲಿಲ್ಲ ಅಲ್ವಾ ಅಕ್ಕಾ' ಅಂದಳು.